ಅರ್ಧ ದರಕ್ಕೆ ಸಿಕ್ಕ ಗೋಡೆಗಳು

ಹೋಟೆಲಿನ ಬಾಗಿಲಲ್ಲೇ ಅವ್ವ ನಿಂತುಬಿಟ್ಟಳು. ಮೊದಲ ಸಂಬಳದಲ್ಲಿ ಸಮುದ್ರ ತೋರಿಸುತ್ತೇನೆಂದು ಅವಳನ್ನು ಕುಷ್ಟಗಿಯಿಂದ ಮಂಗಳೂರಿಗೆ ಕರೆತಂದಿದ್ದೆ. ದುಡ್ಡು ಕಟ್ಟಿದ ಮೇಲಷ್ಟೇ ಹೋಟೆಲಿನ ಹೆಸರು ಹೇಳುವ ವೆಬ್‌ಸೈಟಿನಲ್ಲಿ ಅರ್ಧ ದರಕ್ಕೆ ಕೋಣೆ ಹಿಡಿದು, ದಾರಿಯುದ್ದಕ್ಕೂ ಜಂಬ ಕೊಚ್ಚಿದ್ದೆ.

"ನೀ ಸಾಲ್ಯಾಗಿದ್ದಾಗ ನಾವು ದುಡಿಯಾಕ ಬಂದಿದ್ವಲ್ಲ, ಇದ ಬಿಲ್ಡಿಂಗು. ಐದನೇ ಮಾಳಿಗಿತನಕ ಇಟ್ಟಂಗಿ ಹೊತ್ತೀನಿ, ಸಮುದ್ರ ನೋಡಾಕ ಪುರಸೊತ್ತ ಸಿಗಲಿಲ್ಲ" ಎಂದಳು.

ಮನೆತನದಲ್ಲಿ ಮೊದಲ ಬಾರಿಗೆ ನಾನು ಡಿಗ್ರಿ ಮುಗಿಸಿದ್ದು ಆ ಕೂಲಿಯಿಂದಲೇ. ನಾನು ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಅವಳು ಕೌಂಟರಿನವನನ್ನು ತರಾಟೆಗೆ ತೆಗೆದುಕೊಂಡಿದ್ದಳು: "ಅರ್ಧ ರೇಟಿಗೆ ಯಾಕ ಕೊಟ್ರಿ? ನಾವು ಕಟ್ಟಿದ ಗೋಡಿ ಬಿರುಕು ಬಿಟ್ಟಾವೇನು?"

ಇಲ್ಲವೆಂದರೂ ನಂಬದೆ, ಕೋಣೆಯ ಗೋಡೆಗಳನ್ನೆಲ್ಲ ತಟ್ಟಿ ನೋಡಿಯೇ ಮಲಗಿದಳು. ಈಗ ಯಾವ ಹೋಟೆಲಿಗೆ ಹೋದರೂ ನಾನೂ ಮೊದಲು ಗೋಡೆ ತಟ್ಟುತ್ತೇನೆ.