ಕಾಟಮ್ಮನ ಗುಡ್ಡೆ

ನಮ್ಮ ಮಾವ ಯತ್ತಪ್ಪನವರಿಗೆ ತಕ್ಕಡಿ ಕಂಡರೆ ತಾತ್ಸಾರ. ನಮ್ಮೂರು ಮತ್ತೋಡಿನಲ್ಲಿ ಮನೆದೇವರಿಗೆ ಕುರಿಮರಿ ಕಡಿದ ದಿನ ಮಾಂಸ ಪಾಲು ಮಾಡಿ ಗುಡ್ಡೆ ಹಾಕುವವರು ಅವರೇ. ಎಲುಬು, ಮೆತ್ತನೆ ತುಂಡು, ಬೋಟಿ ಎನ್ನುವ ಕರುಳು, ಎಲ್ಲವನ್ನೂ ಮುತ್ತುಗದೆಲೆಗಳ ಮೇಲೆ ಕಣ್ಣಳತೆಯಲ್ಲೇ ಹಂಚುತ್ತಾರೆ. "ಯಾವ ಗುಡ್ಡೆ ಎತ್ಕಂಡ್ರೂ ಒಂದೇಯ. ನನ್ ಕೈಯಾಗೆ ಹೆಚ್ಚುಕಮ್ಮಿ ಅನ್ನಾದೇ ಇಲ್ಲ" ಎಂದು ಮೀಸೆ ತಿರುವುತ್ತಾರೆ.

ಗುಡ್ಡೆ ಬೀಳುವುದು ನಮ್ಮ ಬೆಡಗಿನ, ಅಂದರೆ ನಮ್ಮ ವಂಶದ, ಗಂಡುಮಕ್ಕಳ ಮನೆಗೊಂದರಂತೆ. ಹೆಣ್ಣು ಗಂಡನ ಮನೆ ಹೊಕ್ಕ ದಿನವೇ ಅವಳ ಬೆಡಗು ಬದಲಾಯಿತು ಅಂತ ಲೆಕ್ಕ. ಬಂದರೆ ಉಂಡು ಹೋಗಬಹುದು, ಪಾಲು ಕೇಳುವಂತಿಲ್ಲ. ಐಮಂಗಲಕ್ಕೆ ಕೊಟ್ಟಿರುವ ನನ್ನ ನಾದಿನಿ ಕಾಟಮ್ಮ ಮಾತ್ರ ಪ್ರತಿ ಸಲವೂ "ನನ್ ಗುಡ್ಡೆ ಎಲ್ಲಪ್ಪಾ?" ಎಂದು ಕೆಣಕುತ್ತಾಳೆ. "ನಿಂದು ಐಮಂಗಲದಾಗೈತೆ, ಹೋಗವ್ವ" ಎನ್ನುತ್ತಾರೆ ಮಾವ. ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ. ಆಮೇಲೆ ಹಿತ್ತಲಿಗೆ ಹೋಗಿ ಒಬ್ಬಳೇ ನಿಲ್ಲುತ್ತಾಳೆ.

ಎರಡು ವರ್ಷದ ಕೆಳಗೆ ಮಾವನಿಗೆ ದೊಡ್ಡಕರುಳಿನ ಕ್ಯಾನ್ಸರ್ ಬಂತು. ಚಿತ್ರದುರ್ಗದಲ್ಲಿ ಆಪರೇಷನ್ ಆಗಿ ಗುಣವಾದರು, ಮೀಸೆಯೂ ಮೊದಲಿನಂತಾಯಿತು. ಅವರಪ್ಪ, ಅವರಣ್ಣ ಇಬ್ಬರೂ ಐವತ್ತು ತುಂಬುವ ಮೊದಲೇ ಹೊಟ್ಟೆನೋವಿನಲ್ಲಿ ಹೋದವರು ಎಂದು ಕೇಳಿದ ಡಾಕ್ಟರಮ್ಮ, ಮಾವನ ರಕ್ತವನ್ನು ಬೆಂಗಳೂರಿಗೆ ಕಳಿಸಿದರು. ದೋಷ ವಂಶದಲ್ಲೇ ಇದೆ ಎಂದು ಉತ್ತರ ಬಂತು. "ನಿಮ್ಮ ಕುಟುಂಬದವರನ್ನೆಲ್ಲ ಕರ್ಕೊಂಡು ಬನ್ನಿ, ಪರೀಕ್ಷೆ ಮಾಡೋಣ" ಎಂದರು.

ಮಾವ ಒಂದು ಟೆಂಪೋ ಮಾಡಿ ಎಲ್ಲರನ್ನೂ ತುಂಬಿದರು. ನನ್ನ ಗಂಡ ಹರೀಶ್, ಅತ್ತೆ, ನಾನು, ಮಾವನ ಅಣ್ಣನ ಗಂಡುಮಕ್ಕಳು, ಅವರ ಹೆಂಡಿರು. ಜಾತ್ರೆಗೆ ಹೊರಟವರ ಹಾಗೆ ಬುತ್ತಿ ಬೇರೆ. ನಾನು ತೋಳು ಏರಿಸಿಕೊಂಡು ಕೂತೇಬಿಟ್ಟೆ.

"ನೀವು ಮಗಳಾ?" ಎಂದರು ಡಾಕ್ಟರಮ್ಮ.

"ಅಲ್ರಿ, ಸೊಸೆ."

"ನಿಮ್ಮ ರಕ್ತ ಯಾಕಮ್ಮ ನನಗೆ? ಇವರಿಗೆ ಹೆಣ್ಣುಮಕ್ಕಳಿಲ್ವಾ?"

"ಒಬ್ಬಳವಳೆ. ಅವಳ್ನ ಕೊಟ್ಟಾಗೈತ್ರಿ, ಈಗ ಬ್ಯಾರೆ ಬೆಡಗು" ಎಂದರು ಮಾವ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಹೋದಾಗಲೆಲ್ಲ ಮಾವನ ಗುಡ್ಡೆಪುರಾಣ ಕೇಳಿಸಿಕೊಂಡವರು ಅವರು. "ಯತ್ತಪ್ಪನವ್ರೇ, ಮೈಯೊಳಗೂ ಗುಡ್ಡೆ ಹಾಕೋ ಕೆಲಸ ನಡೀತಿರುತ್ತೆ. ಒಂದು ಜೀವಕೋಶ ಎರಡಾಗುವಾಗ ಕ್ರೋಮೋಸೋಮುಗಳನ್ನ ಎರಡೂ ಕಡೆಗೆ ಸಮನಾಗಿ ಹಂಚಬೇಕು. ನಿಮ್ಮ ವಂಶದ ದೋಷದಿಂದ ಕರುಳಲ್ಲಿ ಗಂಟುಗಳು ಏಳ್ತವೆ. ಆ ಗಂಟಲ್ಲಿ ಹಂಚಿಕೆ ತಪ್ತಾ ಹೋಗುತ್ತೆ, ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ. ಹಾಗೇ ಕೆಟ್ಟು ಕೆಟ್ಟು ಕ್ಯಾನ್ಸರ್ ಆಗುತ್ತೆ. ಗಂಟಿದ್ದಾಗಲೇ ತೆಗೆದ್ರೆ ಬಚಾವ್. ಈ ದೋಷ ಮಗನಿಗೆ ಎಷ್ಟು ಬರಬಹುದೋ ಮಗಳಿಗೂ ಅಷ್ಟೇ. ಅದು ಬೆಡಗು ಕೇಳಲ್ಲ."

ಮಾವ ಬುತ್ತಿಯನ್ನೂ ಬಿಚ್ಚದೆ ಟೆಂಪೋ ಹತ್ತಿದರು.

ಊರಿಗೆ ಬಂದ ಮೇಲೆ ನಾನು ಐಮಂಗಲಕ್ಕೆ ಹೋಗಾಣ ಎಂದರೆ ಮಾವ ಇವತ್ತು ಮರಿಗಳಿಗೆ ಮೇವಿಲ್ಲ, ನಾಳೆ ಅಮಾವಾಸ್ಯೆ ಎಂದು ಶುರುಮಾಡಿದರು. ನನಗೆ ಪಿತ್ತ ನೆತ್ತಿಗೇರಿತು. "ಅಲ್ಲ ಮಾವ, ಐಮಂಗಲದೋರಿಗೆ ನೀವು ಮಾರಿದ ಕುರಿ ಹಣೆ ಮ್ಯಾಲಿನ ಬಿಳಿಮಚ್ಚೆ ದಾರ್ಯಾಗೆ ಉದುರಿ ಹೋತಾ? ಕಾಟಮ್ಮಂಗೆ ಮಾತ್ರ ನಿಮ್ ವಂಶದ ಗುರುತು ಹೆಂಗೆ ಉದುರತೈತೆ? ಅವಳಿಗೇನಾರ ಆದ್ರೆ ನಿಮಗೆ ಒಂದು ಲೋಟ ನೀರೂ ಕೊಡಲ್ಲ ನಾನು!"

"ಮಗಳ ಮನಿಗೆ ಯಾವತ್ತೂ ಬರಿಗೈಲಿ ಹೋದೋನಲ್ಲ ಕಣವ್ವಾ. ಕಾಯೋ, ಕುಪ್ಪಸದ ಬಟ್ಟೆನೋ ಹಿಡ್ಕಂಡೇ ಹೋಗೀನಿ. ಇದನ್ನ ಹೆಂಗವ್ವಾ ಕೊಡ್ಲಿ?" ಎಂದರು ಮಾವ.

ಅಯ್ಯೋ ಪಾಪ ಅನ್ನಿಸಿತು. "ಕಾಯಿನೂ ತಗಳ್ರಿ, ಬಟ್ಟೆನೂ ತಗಳ್ರಿ, ನಾನೂ ಬತ್ತೀನಿ" ಎಂದೆ.

ಹೆದ್ದಾರಿ ಪಕ್ಕದ ಮನೆಯ ಜಗಲಿಯ ಮೇಲೆ ಕಾಟಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮುಖ ಬಿಳಿಚಿಕೊಂಡಿತ್ತು. ಆದರೂ ನಾಲಿಗೆ ಅವಳದೇ ತಾನೆ. "ನಾನು ನಿನ್ ವಂಶದೋಳು ಅಂತ ಆಸ್ಪತ್ರೆಯೋರು ಹೇಳ್ಬೇಕಾತೇನಪ್ಪಾ?" ಎಂದಳು. ಮಾವ ಮಗುವಿನ ಹಾಗೆ ಅತ್ತರು. "ಅಳಬ್ಯಾಡ, ಎದ್ದೇಳು, ದುರ್ಗದ ಬಸ್ಸು ಯಾವಾಗೈತೆ ನೋಡಾಣ" ಎಂದು ಅವಳೇ ಸಮಾಧಾನ ಮಾಡಿದಳು.

ಹರೀಶನ ರಕ್ತದಲ್ಲಿ ದೋಷವಿರಲಿಲ್ಲ, ಕಾಟಮ್ಮನ ರಕ್ತದಲ್ಲಿತ್ತು. ಕರುಳಿಗೆ ಕ್ಯಾಮೆರಾ ಬಿಡುವ ಮುಂಚೆ ಹೊಟ್ಟೆ ಖಾಲಿಯಾಗಲೆಂದು ಔಷಧಿ ಕುಡಿಸಿದರಲ್ಲ, ಅವಳ ಓಡಾಟ ನೋಡಬೇಕಿತ್ತು. ಕಕ್ಕಸಿನ ಒಳಗಿಂದಲೇ "ಅಪ್ಪಾ, ಹೊಲ ಅಣ್ಣಂಗೆ, ಇದು ನನಗಾ?" ಎಂದು ಕೂಗುತ್ತಿದ್ದಳು. ಗಂಟುಗಳು ಇದ್ದವು. ಡಾಕ್ಟರಮ್ಮ ಅಲ್ಲೇ ತೆಗೆದು ಪರೀಕ್ಷೆಗೆ ಕಳಿಸಿದರು. ವಾರವಿಡೀ ಮಾವ ಊಟ ಸೇರದೆ ಕೂತಿದ್ದರು. ಕೊನೆಗೆ ಯಾವುದರಲ್ಲೂ ಕ್ಯಾನ್ಸರ್ ಇಲ್ಲವೆಂದು ಫೋನು ಬಂತು. ಇನ್ನು ವರ್ಷ ವರ್ಷವೂ ತಪ್ಪದೆ ತೋರಿಸಿಕೊಳ್ಳಬೇಕು, ಅಷ್ಟೇ.

ಈ ಸಲ ಮನೆದೇವರ ಊಟಕ್ಕೆ ಮಾವ ಎಂದಿನಂತೆ ಎಲೆ ಹಾಸಿ ಗುಡ್ಡೆ ಹಾಕಿದರು. ಅವರ ದಾಯಾದಿ ಜುಂಜಯ್ಯ ಎಣಿಸಿ, "ಯತ್ತಣ್ಣ, ಒಂದು ಗುಡ್ಡೆ ಜಾಸ್ತಿ ಬಿದ್ದೈತಲ್ಲೋ!" ಎಂದರು.

"ಜಾಸ್ತಿ ಎಲ್ಲಿಂದ ಬಂತು? ಇಷ್ಟು ವರ್ಷ ಒಂದು ಕಮ್ಮಿ ಹಾಕ್ತಿದ್ದೆ ಕಣೋ. ಕಾಟಮ್ಮಾ, ಎತ್ಕಳವ್ವಾ."

ಕಾಟಮ್ಮ ಸೆರಗು ಸಿಕ್ಕಿಸಿ ಕೂತು, ಎಲೆಯನ್ನು ತನ್ನ ಕಡೆ ಎಳೆದುಕೊಂಡು, ಬೋಟಿ ತುಂಡುಗಳನ್ನೆಲ್ಲ ಆರಿಸಿ ನಮ್ಮ ಗುಡ್ಡೆಗೆ ಹಾಕತೊಡಗಿದಳು. "ಅತ್ತಿಗೇ, ಇದನ್ನ ನೀನೇ ತಗ. ನನ್ ಕರುಳ್ನೇ ಟಿವಿನಾಗೆ ನೋಡ್ಕಂಡು ಬಂದೀನಿ, ಇನ್ನು ಬೋಟಿಗೆ ದೊಡ್ಡ ನಮಸ್ಕಾರ!"

"ಲೇ, ಹೆಚ್ಚುಕಮ್ಮಿ ಆತಲ್ಲೇ!" ಎಂದು ಮಾವ ರೇಗಿದರು. ರೇಗುತ್ತಲೇ ಟವೆಲ್ಲಿನಿಂದ ಕಣ್ಣೊರೆಸಿಕೊಂಡರು.