ಕೊನೆ ಗೊತ್ತಿದ್ದ ಹುಡುಗ

ನಿಶ್ಚಿತಾರ್ಥವಾದ ಮೇಲೆ ಮದುವೆಯವರೆಗೆ ಹುಡುಗ ನಮ್ಮ ಜನ್ನಾಪುರದ ಮನೆಯ ಹೊಸ್ತಿಲು ತುಳಿಯುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದವಳು ನಾನೇ. ನನ್ನ ಕಾಲಕ್ಕೆ ನಮ್ಮಮ್ಮನೂ ಹಾಗೇ ಮಾಡಿದ್ದಳು. ಫೋನಿಗೆ ಮಾತ್ರ ಅಡ್ಡಿ ಬರಲಿಲ್ಲ.

ಆ ಫೋನೇ ನನ್ನ ತಲೆ ತಿಂದಿತು. ಹುಡುಗ ಮಾಚೇನಹಳ್ಳಿಯ ಫ್ಯಾಕ್ಟರಿ ಕೆಲಸ ಮುಗಿಸಿ ಶಿವಮೊಗ್ಗದ ವಿದ್ಯಾನಗರದಲ್ಲಿದ್ದ ತನ್ನ ಮನೆ ಸೇರುವ ಹೊತ್ತಿಗೆ ಸರಿಯಾಗಿ ನನ್ನ ಮಗಳು ಕೋಣೆ ಸೇರುತ್ತಿದ್ದಳು. ಕಾಫಿ ಕೊಡುವ ನೆಪದಲ್ಲಿ ಬಾಗಿಲ ಬಳಿ ನಿಂತರೆ ಒಂದು ಮಾತೂ ಕೇಳಿಸದು. ಕತ್ತಿಗೆ ಕತ್ತಿ ತಾಗುವ ಸದ್ದು, ಗೊತ್ತಿಲ್ಲದ ಭಾಷೆಯಲ್ಲಿ ಯಾರೋ ಕಿರುಚುವುದು, ಮತ್ತೆ ಮೌನ. ಮದುವೆಯಾಗುವವರು ಹೀಗೂ ಸುಮ್ಮನಿರುತ್ತಾರಾ? ಹುಡುಗನಲ್ಲಿ ಏನೋ ಐಬಿದೆ, ಇಲ್ಲವೇ ಅವನಿಗೆ ಈ ಮದುವೆ ಇಷ್ಟವಿಲ್ಲ. ಲಗ್ನಪತ್ರಿಕೆ ಇನ್ನೂ ಅಚ್ಚಿಗೆ ಹೋಗಿರಲಿಲ್ಲ. ಮುರಿಯುವುದಿದ್ದರೆ ಈಗಲೇ ಮುರಿಯಬೇಕು.

"ಸ್ವಲ್ಪ ವಿಚಾರಿಸ್ರೀ" ಎಂದೆ ಗಂಡನಿಗೆ.

"ನಿಂಗೆ ಎಲ್ಲದ್ರಲ್ಲೂ ಅನುಮಾನ ಮಾರಾಯ್ತಿ" ಎಂದು ಪೇಪರ್ ಮಗುಚಿದರು.

ಒಂದು ಸಂಜೆ ಒಳಗಿಂದ ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು. ಬಾಗಿಲು ದೂಡಿಕೊಂಡು ನುಗ್ಗಿದೆ.

"ಏನಂದನೇ ಅವನು? ಮದ್ವೆ ಬೇಡ ಅಂದ್ನಾ?"

ಮಗಳು ಮೂಗೊರೆಸಿಕೊಂಡು ಲ್ಯಾಪ್‌ಟಾಪ್ ತಿರುಗಿಸಿದಳು. ಜಪಾನಿನ ಕಾರ್ಟೂನು! ಮಾಟಗಾತಿ ಹುಡುಗಿಯೊಬ್ಬಳ ಜೊತೆ ಕಾಡುಮೇಡು ಅಲೆದಿದ್ದ ಮುದಿ ಸೈನಿಕ ಸತ್ತುಬಿದ್ದಿದ್ದ. ಅವನಿಗೋಸ್ಕರ ಈ ಗೋಳಾಟ.

"ಅವ್ರಲ್ಲಿ, ನಾನಿಲ್ಲಿ, ಇಬ್ರೂ ಒಂದೇ ಸಲ ಹಾಕ್ಕೊಂಡು ನೋಡ್ತೀವಮ್ಮ. ಮನೆಗೆ ಬರಬಾರ್ದು ಅಂದ್ಯಲ್ಲ, ಮತ್ತೇನ್ ಮಾಡೋದು?"

ಮೊದಲು ಆ ಕಥೆ ವಿಡಿಯೊ ಗೇಮ್ ಆಗಿತ್ತಂತೆ. ಹುಡುಗ ಕಾಲೇಜಿನಲ್ಲಿದ್ದಾಗಲೇ ಅದನ್ನು ಕೊನೆಯವರೆಗೂ ಆಡಿ ಮುಗಿಸಿದ್ದನಂತೆ. ಅಷ್ಟು ಸಾಕಾಯಿತು, ನನ್ನ ಅನುಮಾನ ಮತ್ತೆ ತಲೆಯೆತ್ತಿತು. ಫೋನ್ ಇನ್ನೂ ಚಾಲೂ ಇತ್ತು. ಬಾಗಿ ಕೇಳಿಯೇಬಿಟ್ಟೆ.

"ಹಾಗಾದ್ರೆ ಆ ಮುದುಕ ಸಾಯ್ತಾನೆ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅತ್ತೆ."

"ಗೊತ್ತಿದ್ದೂ ಬಾಯಿ ಬಿಡ್ಲಿಲ್ವಾ? ಇನ್ನೂ ಏನೇನು ಮುಚ್ಚಿಟ್ಟಿದೀರಿ?"

"ಇವಳಿಗೆ ಆ ಮುದುಕ ಅಂದ್ರೆ ಪ್ರಾಣ ಅತ್ತೆ. ಅವನಿರೋವರೆಗಾದ್ರೂ ಖುಷಿಯಾಗಿ ನೋಡ್ಲಿ ಅಂತ ಸುಮ್ನಿದ್ದೆ. ಇವತ್ತು ಅಳ್ತಾಳೆ ಅಂತ ಗೊತ್ತಿತ್ತು. ಅದಕ್ಕೇ ಓವರ್‌ಟೈಮ್ ಬೇಡ ಅಂತ ಬೇಗ ಬಂದು ಕೂತಿದೀನಿ."

ನನ್ನ ಗಂಡ ಯಾವ ಸಿನಿಮಾಕ್ಕೆ ಕರೆದುಕೊಂಡು ಹೋದರೂ ಇಂಟರ್ವಲ್ಲಿಗೆ ಮೊದಲೇ ಕೊನೆ ಹೇಳಿಬಿಡುವವರು, ನಾನು ಅತ್ತರೆ ನಗುವವರು. ಸೆರಗಿನಿಂದ ಮುಖ ಒರೆಸಿಕೊಂಡೆ.

"ಭಾನುವಾರ ಊಟಕ್ಕೆ ಬನ್ನಿ" ಎಂದೆ ಫೋನಿಗೆ.

ಮಗಳು ಅಳು ನಿಲ್ಲಿಸಿ ನನ್ನನ್ನೇ ಅನುಮಾನದಿಂದ ನೋಡಿದಳು.