ಸೇನಾಪತಿಯ ಬೆನ್ನಿನ ಹುಕ್ಕು

ಒಗ್ಗರಣೆಯ ಸಾಸಿವೆ ಸಿಡಿಯುವ ಹೊತ್ತಿಗೇ ಫೋನು ಬರುವುದು ನಮ್ಮ ಮನೆಯ ಪದ್ಧತಿ. ಅವತ್ತು ಫೋನು ಮಾಡಿದವರು ನಮ್ಮ ಹೆಗ್ಗರಣೆ ಕಡೆಯ ಮಹಿಳಾ ಮಂಡಳಿಯ ಅಧ್ಯಕ್ಷೆ ಗಂಗಕ್ಕ. ಮಂಡಳಿಯ ನಾಟಕದಲ್ಲಿ ನನ್ನ ಅತ್ತೆ ಸೇನಾಪತಿ, ಗಂಗಕ್ಕ ಅವರ ಕೈಯಲ್ಲಿ ಸಾಯುವ ಶತ್ರುರಾಜ.

"ಬಾಡಿಗೆ ಕವಚ ಬಂತೇ. ನಿನ್ನ ಅತ್ತೆಗೆ ಒಂದು ತೋಳಿಗೂ ಆಗ್ತಿಲ್ಲೆ. ನಾಳೆ ಸಂಜೆಯೊಳಗೆ ಬೇರೆ ಆಗ್ದಿದ್ರೆ ಪಾತ್ರ ಅದಲು ಬದಲು ಮಾಡ್ವ. ಆನು ಸೇನಾಪತಿ ಆಗ್ತೆ, ಅವು ಶತ್ರುರಾಜ ಆಗ್ಲಿ. ಅದಕ್ಕೆ ಶಾಲು ಸಾಕು."

ಸಾಸಿವೆ ಸೀಯಲಿಲ್ಲ, ದೇವರು ದೊಡ್ಡವನು. ಸೀದುಹೋದದ್ದು ಅತ್ತೆಯ ಮುಖ. "ಅಷ್ಟು ವರ್ಷ ಪರದೆ ಹಿಂದೆ ನಿಂತು ಮಾತು ಎತ್ತಿಕೊಟ್ಟೆ. ಈಗ ಪರದೆ ಎದುರು ಬಂದು ಸತ್ತು ಬೀಳವಾ?" ಎಂದವರು ಊಟಕ್ಕೂ ಏಳಲಿಲ್ಲ.

ಅಟ್ಟದ ಮೇಲೆ ಹಳೆಯ ಜಾಹೀರಾತು ಬೋರ್ಡಿನ ಪ್ಲಾಸ್ಟಿಕ್ ಹಾಳೆಗಳಿದ್ದವು. ಅವುಗಳಲ್ಲೇ ಕವಚ ಮಾಡಲು ಕೂತೆ. ಕತ್ತರಿ ಹಾಳೆಯ ಮೇಲೆ ಜಾರಿತು. ತರಕಾರಿ ಹೆಚ್ಚುವ ಮೆಟ್ಟುಗತ್ತಿಗೆ ಕೊಟ್ಟರೆ ಸೌತೆಕಾಯಿಯಂತೆ ಕುಯ್ದುಕೊಂಡು ಬಂತು. ಆದರೆ ಆ ಹಾಳೆಯ ಹೊಟ್ಟೆಯೊಳಗೆ ಉದ್ದುದ್ದ ಕೊಳವೆಗಳಿರುತ್ತವೆ. ಅವು ಹೋದ ದಿಕ್ಕು ನೋಡದೆ ಬಗ್ಗಿಸಿದರೆ ಲಟಕ್ಕನೆ ಮಡಿಕೆ ಬೀಳುತ್ತದೆ. ಮೊದಲನೆಯದು ಹಾಗೆ ಹಾಳಾಯಿತು. ಬಟ್ಟೆಗಿರುವಂತೆ ಪ್ಲಾಸ್ಟಿಕ್ಕಿಗೂ ಎಳೆಯಿದೆ ಎಂದು ಆಗ ತಿಳಿಯಿತು. ಎರಡನೆಯ ಹಾಳೆ ಇತ್ತಲ್ಲ, ಅದೂ ದೇವರ ದಯೆಯೇ.

ನನಗೆ ಬರುವ ಹೊಲಿಗೆ ರವಿಕೆಯದು. ಹಾಗಾಗಿ ಅತ್ತೆಯ ಅಳತೆಯ ರವಿಕೆಯನ್ನೇ ಹಾಸಿ ಗೆರೆ ಎಳೆದೆ. ಕಂಕುಳಲ್ಲಿ ಸ್ವಲ್ಪ ಸಡಿಲ ಬಿಟ್ಟೆ. ದಬ್ಬಣ ಕಾಯಿಸಿ ತೂತು ಹಾಕಿ, ಎದೆಯ ಮೇಲೆ ಹುಕ್ಕು ಕಂಡರೆ ಸೇನಾಪತಿಗೆ ಶೋಭೆಯಲ್ಲವೆಂದು ಹುಕ್ಕನ್ನು ಬೆನ್ನಿಗೆ ಕೂರಿಸಿದೆ. ದಿನವೂ ಕವಚದ ಸ್ತೋತ್ರ ಹೇಳುವವಳು ನಾನು. ತಲೆಯಿಂದ ಕಾಲ್ಬೆರಳಿನವರೆಗೆ ಯಾವ ಅಂಗವನ್ನು ಯಾರು ಕಾಯಬೇಕೆಂಬುದೆಲ್ಲ ಅದರಲ್ಲಿ ಇದೆ. ಹುಕ್ಕಿನ ವಿಚಾರ ಮಾತ್ರ ಯಾವ ಋಷಿಗೂ ಹೊಳೆದಿಲ್ಲ.

ಬಂಗಾರದ ಬಣ್ಣ ಬಳಿದು ತೊಡಿಸಿದೆ. "ತಂಗೀ, ಉಸಿರಾಡಲೆ ಆಗ್ತು, ನಗಲೆ ಆಗ್ತಿಲ್ಲೆ" ಎಂದರು ಅತ್ತೆ.

"ಸೇನಾಪತಿಗೆ ನಗು ಎಂತಕ್ಕೆ ಅತ್ತೆ?"

ಮರುದಿನ ಅತ್ತೆ ಗರ್ಜಿಸಿದರು, ಶತ್ರುರಾಜ ಗಂಗಕ್ಕನನ್ನು ಒಂದೇ ಏಟಿಗೆ ಕೆಡವಿದರು. ಸಭೆ ಚಪ್ಪಾಳೆ ತಟ್ಟಿತು. ಕೊನೆಯ ದೃಶ್ಯದಲ್ಲಿ ಸೇನಾಪತಿಗೆ ವೈರಾಗ್ಯ. ಕವಚ ಕಳಚಿ ದೇವಿಯ ಪಾದಕ್ಕಿಡಬೇಕು. ಅತ್ತೆ ಕೈಯನ್ನು ಹೆಗಲ ಮೇಲಿಂದ ಒಯ್ದರು, ಸೊಂಟದ ಕೆಳಗಿಂದ ಒಯ್ದರು. ಹುಕ್ಕು ಸಿಗಲಿಲ್ಲ. ವೈರಾಗ್ಯ ಬಂದಾಗಿದೆ, ಕವಚ ಬಿಡುತ್ತಿಲ್ಲ! ಪರದೆಯ ಹಿಂದೆ ನಾನು ಕಣ್ಣು ಮುಚ್ಚಿ ಕುಲದೇವರಿಗೆ ತುಪ್ಪದ ದೀಪ ಹೇಳಿಕೊಂಡೆ.

ಕಣ್ಣು ಬಿಟ್ಟರೆ ಹೆಣ ಎದ್ದು ನಿಂತಿತ್ತು. ಶಾಲು ಸರಿಮಾಡಿಕೊಂಡು ಅತ್ತೆಯ ಹಿಂದೆ ಹೋಗಿ ಒಂದೊಂದೇ ಹುಕ್ಕು ಬಿಚ್ಚುತ್ತ, "ಸತ್ಮೇಲೂ ಎಂಗೆ ಕೆಲಸ ತಪ್ಪಿದ್ದಿಲ್ಲೆ" ಎಂದಿತು. ಮೈಕಿನಲ್ಲಿ ಅದು ಊರಿಗೆಲ್ಲ ಕೇಳಿತು. ಮತ್ತೆ ಹೋಗಿ ತನ್ನ ಜಾಗದಲ್ಲೇ ಮಲಗಿತು. ಗಂಗಕ್ಕ ಸುಮ್ಮನೆ ಮಲಗಿಯೇ ಇದ್ದಿದ್ದರೆ ಅತ್ತೆಯ ಪಾತ್ರ ಅಲ್ಲಿಗೆ ಮುಗಿಯುತ್ತಿತ್ತು. ಸೇನಾಪತಿ ಆಗುವ ಆಸೆಯಿದ್ದವರೇ ಸೇನಾಪತಿಯ ಮಾನ ಕಾದರು. ದೇವರು ಸಹಾಯಕ್ಕೆ ಯಾರನ್ನು ಎಬ್ಬಿಸಿ ಕಳಿಸುತ್ತಾನೋ, ಹೇಳಲಿಕ್ಕೆ ಬರುವುದಿಲ್ಲ.

ಕವಚ ದೇವಿಯ ಪಾದದಲ್ಲೇ ಉಳಿಯಿತು. ಅದರ ಗತ್ತು ಮಾತ್ರ ಅತ್ತೆಯ ಜೊತೆ ಮನೆಗೆ ಬಂತು. ಕುರ್ಚಿಯಲ್ಲಿ ಕೂತು, ಇನ್ನೂ ತೆಗೆಯದ ಮೀಸೆ ಸಹಿತ, "ತಂಗೀ, ಒಂದು ಲೋಟ ಕಷಾಯ!" ಎಂದು ಅಪ್ಪಣೆ ಕೊಡಿಸಿದರು. ನಾನು ಒಲೆ ಹಚ್ಚಿ ಕಷಾಯಕ್ಕೆ ಹಾಲಿಟ್ಟೆ.